ದನಿ ಏರಿಸುವ ಮೊದಲು ಬೀಟ್ ಇಳಿಸಿ

ಪ್ರಶ್ನೆ: ನಾನು ಅಂಕೋಲಾದವನು. ಮನೆಯಲ್ಲೇ ಕನ್ನಡದಲ್ಲಿ ರ‍್ಯಾಪ್ ಬರೆದು ಹಾಡುತ್ತೇನೆ. ಬೀಟನ್ನು, ಅಂದರೆ ಹಿಂದೆ ನುಡಿಯುವ ರೆಡಿ ಸಂಗೀತವನ್ನು, ಆನ್‌ಲೈನಿನಲ್ಲಿ ತೆಗೆದುಕೊಂಡು ಅದರ ಮೇಲೆ ನನ್ನ ದನಿ ಸೇರಿಸುತ್ತೇನೆ. ಹೆಡ್‌ಫೋನಿನಲ್ಲಿ ಕೇಳಿದರೆ ಸರಿಯಾಗಿರುತ್ತದೆ. ಫೋನಿನಲ್ಲಿ ಹಾಕಿದರೆ ದನಿ ಮಾತ್ರ ಕಿರುಚಿದ ಹಾಗೆ, ಬೀಟೇ ಇಲ್ಲ. ಅಣ್ಣನ ಕಾರಿನಲ್ಲಿ ಹಾಕಿದರೆ ಉಲ್ಟಾ, ಬರೀ ಬೀಟು, ಒಂದು ಮಾತೂ ತಿಳಿಯುವುದಿಲ್ಲ. ದನಿ ಏರಿಸಿದರೆ ಮೀಟರಿನಲ್ಲಿ ಕೆಂಪು ಬರುತ್ತದೆ. ದನಿಯನ್ನು ಎಷ್ಟು ಡಿಬಿಯಲ್ಲಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಇಡಬೇಕು ಅಂತ ಒಂದು ಲೆಕ್ಕ ಹೇಳಿ.

ಉತ್ತರ: ಲೆಕ್ಕ ಕೇಳಿದ್ದೀರಿ. ಅದನ್ನು ಕೊಡಲು ಆಗುವುದಿಲ್ಲ, ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಫೇಡರ್ ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿ. ಅದರ ಪಕ್ಕ ಕಾಣುವ ಅಂಕೆ, ನೀವು ರೆಕಾರ್ಡ್ ಮಾಡಿದ ದನಿಗೆ ಎಷ್ಟು ಕೂಡಿಸಿದಿರಿ ಅಥವಾ ಎಷ್ಟು ಕಳೆದಿರಿ ಅನ್ನುವುದನ್ನು ಮಾತ್ರ ಹೇಳುತ್ತದೆ. ದನಿ ಸಣ್ಣಗೆ ರೆಕಾರ್ಡ್ ಆಗಿದ್ದರೆ ಫೇಡರ್ ಪ್ಲಸ್ 4ರಲ್ಲಿ ಇದ್ದರೂ ಸರಿ. ಜೋರಾಗಿ ರೆಕಾರ್ಡ್ ಆಗಿದ್ದರೆ ಮೈನಸ್ 7ರಲ್ಲಿ ಇದ್ದರೂ ಸರಿ. ಇನ್ನೊಬ್ಬರ ಹಾಡಿನ ಅಂಕೆ ನಿಮ್ಮ ಹಾಡಿಗೆ ಕೂರುವುದಿಲ್ಲ. ಆದರೆ ಫೋನಿನಲ್ಲಿ ಕಿರುಚುವುದು, ಕಾರಿನಲ್ಲಿ ಮುಳುಗುವುದು, ಏರಿಸಿದರೆ ಕೆಂಪಾಗುವುದು ಅಂತ ಮೂರು ಗುರುತು ಬರೆದಿದ್ದೀರಲ್ಲ, ಅಷ್ಟು ಸಾಕು. ಬೀಟ್ ನಿಮ್ಮ ಕೈಗೆ ಬಂದಾಗಲೇ ತುಂಬಿಕೊಂಡು ಬಂದಿದೆ. ದನಿ ಸಾಲಿನಿಂದ ಸಾಲಿಗೆ ಏರುಪೇರಾಗಿದೆ. ಮತ್ತೆ ನೀವು ಹೆಡ್‌ಫೋನಿನಲ್ಲಿ ಜೋರಾಗಿ ಇಟ್ಟುಕೊಂಡು ಅಳೆಯುತ್ತಿದ್ದೀರಿ.

ಮೊದಲು ಬೀಟು. ಆನ್‌ಲೈನಿನಲ್ಲಿ ಸಿಗುವ ಬೀಟುಗಳು ಬಹುಮಟ್ಟಿಗೆ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ, ಮುಗಿಸಿಯೇ ಬಂದಿರುತ್ತವೆ. ಕೇಳಿದ ತಕ್ಷಣ ಜೋರಾಗಿ, ದಪ್ಪಗೆ ಕೇಳಿಸಲಿ ಅಂತ ಲಿಮಿಟರ್ (ಸದ್ದಿನ ತುದಿ ಒಂದು ಮಟ್ಟ ದಾಟದಂತೆ ತಡೆಯುವ ಸಾಧನ) ಹಾಕಿ 0 ಡಿಬಿಯ ಹತ್ತಿರಕ್ಕೆ ಒತ್ತಿರುತ್ತಾರೆ. ಡಿಜಿಟಲ್ ಆಡಿಯೊದಲ್ಲಿ 0 ಅಂದರೆ ಚಾವಣಿ, ಅದರಾಚೆ ಜಾಗವೇ ಇಲ್ಲ, ದಾಟಿದ ಅಲೆಯ ತುದಿ ಕತ್ತರಿಸಿಹೋಗಿ ಒಡೆದ ಸದ್ದು ಬರುತ್ತದೆ. ಬೆಳಿಗ್ಗೆ ಕುಮಟಾದಿಂದ ಶಿರಸಿಗೆ ಘಟ್ಟ ಹತ್ತುವ ಬಸ್ಸು ನೋಡಿದ್ದೀರಲ್ಲ, ಬಾಗಿಲ ತನಕ ಜನ ನಿಂತಿರುತ್ತಾರೆ. ಅಂಥ ಬಸ್ಸಿಗೆ ಇನ್ನೊಬ್ಬರನ್ನು ತುರುಕಿದ ಹಾಗೆ ನೀವು ದನಿಯನ್ನು ತುರುಕುತ್ತಿದ್ದೀರಿ. ಕೆಂಪು ಬರದೆ ಇನ್ನೇನು ಬರುತ್ತದೆ?

ಹಾಗಾಗಿ ದನಿಯ ಫೇಡರ್ ಮುಟ್ಟಬೇಡಿ. ಬೀಟಿನ ಫೇಡರನ್ನು 8 ಡಿಬಿ ಕೆಳಗೆ ಎಳೆಯಿರಿ. ಕೆಲವು ಬೀಟುಗಳಿಗೆ 10 ಬೇಕಾಗುತ್ತದೆ, ಕೆಲವಕ್ಕೆ 6 ಸಾಕು. ಬೀಟ್ ಸತ್ತುಹೋಯಿತು ಅಂತ ಅನ್ನಿಸುತ್ತದೆ, ಎಲ್ಲರಿಗೂ ಅನ್ನಿಸುತ್ತದೆ. ಹೆದರಬೇಡಿ, ಹೆಡ್‌ಫೋನಿನ ವಾಲ್ಯೂಮ್ ಸ್ವಲ್ಪ ತಿರುಗಿಸಿಕೊಳ್ಳಿ, ಅದೇ ಬೀಟು ಅದೇ ದಪ್ಪದಲ್ಲಿ ವಾಪಸ್ ಬರುತ್ತದೆ. 6 ಡಿಬಿ ಇಳಿಸಿದರೆ ಅಲೆಯ ಎತ್ತರ ಅರ್ಧ ಆಗುತ್ತದೆ, ಆದರೆ ಕಿವಿಗೆ ಅರ್ಧ ಅಂತ ಅನ್ನಿಸಲು ಸುಮಾರು 10 ಡಿಬಿ ಇಳಿಯಬೇಕು. ಅಂದರೆ ಮೀಟರಿನಲ್ಲಿ ನೀವು ಬಿಟ್ಟುಕೊಟ್ಟಷ್ಟನ್ನು ಕಿವಿ ಕಳೆದುಕೊಂಡಿಲ್ಲ. ದನಿ ಮತ್ತು ಬೀಟು ಎರಡೂ ಸೇರಿದಾಗ ಮಾಸ್ಟರ್ ಮೀಟರಿನ ಅತಿ ಎತ್ತರದ ತುದಿ ಮೈನಸ್ 6ರ ಸುತ್ತ ಇರಲಿ. ಕೊನೆಯಲ್ಲಿ ಜೋರು ಮಾಡುವುದು ಸುಲಭ, ಈಗ ಜಾಗ ಬೇಕು.

ರೆಕಾರ್ಡಿಂಗಿಗೂ ಇದೇ ಮಾತು. ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ 24 ಬಿಟ್ ಆರಿಸಿ ರೆಕಾರ್ಡ್ ಮಾಡಿ, ದನಿಯ ತುದಿ ಮೈನಸ್ 12ರಿಂದ ಮೈನಸ್ 10ರೊಳಗೆ ನಿಲ್ಲಲಿ. ಸಣ್ಣಗೆ ರೆಕಾರ್ಡ್ ಆದರೆ ಗುಣ ಹೋಗುತ್ತದೆ ಅನ್ನುವ ಭಯ ಟೇಪಿನ ಕಾಲದ್ದು, 24 ಬಿಟ್‌ನಲ್ಲಿ ಅದಕ್ಕೆ ಕಾರಣವಿಲ್ಲ. ಒಡೆದ ದನಿಯನ್ನು ಮಾತ್ರ ಪೂರ್ತಿ ಸರಿಮಾಡಲು ಆಗುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳುತ್ತೇನೆ. ಬೀಟ್ ಮಾಡಿದವರ ಹತ್ತಿರ ಎಂಪಿ3 ಬಿಟ್ಟು, ಒತ್ತಿ ಚಿಕ್ಕದು ಮಾಡದ ವೇವ್ ಫೈಲ್ ಕೇಳಿ. ಸ್ವಲ್ಪ ಜಾಸ್ತಿ ಹಣ ಕೊಡಲು ಆಗುವುದಾದರೆ ಸ್ಟೆಮ್ಸ್ ಕೇಳಿ. ಡ್ರಮ್ಮು, ಬೇಸು, ಟ್ಯೂನು ಬೇರೆ ಬೇರೆ ಫೈಲಾಗಿ ಬರುತ್ತವೆ. ಮುಂದೆ ನಾನು ಹೇಳುವ ಅರ್ಧ ಕೆಲಸ ಸ್ಟೆಮ್ಸ್ ಇದ್ದರೆ ಹತ್ತು ನಿಮಿಷದ್ದು, ಇಲ್ಲದಿದ್ದರೆ ಒಂದು ಸಂಜೆಯದ್ದು. ಹಾಡು ಹೊರಗೆ ಬಿಡುವ ಮೊದಲು ಲೈಸೆನ್ಸ್ ಏನು ಹೇಳುತ್ತದೆ ಅಂತಲೂ ಓದಿಕೊಳ್ಳಿ. ಫ್ರೀ ಅಂತ ಬರೆದ ಎಷ್ಟೋ ಬೀಟುಗಳು ದುಡ್ಡು ಮಾಡದ ಬಳಕೆಗೆ ಮಾತ್ರ ಫ್ರೀ.

ಈಗ ದನಿಗೆ ಜಾಗ ಹುಡುಕುವುದು. ಹಾಡಿನಲ್ಲಿ ಬೀಟ್ ಎಲ್ಲಕ್ಕಿಂತ ತುಂಬಿರುವ ಭಾಗ ಯಾವುದೋ ಅದನ್ನು ಲೂಪ್‌ನಲ್ಲಿ ಹಾಕಿ. ಇಡೀ ಸೌಂಡನ್ನು ತೀರಾ ಸಣ್ಣ ಮಾಡಿ, ಪಕ್ಕದ ಕೋಣೆಯಲ್ಲಿ ಟಿವಿ ಓಡುತ್ತಿದ್ದರೆ ಹೇಗೆ ಕೇಳುತ್ತದೋ ಅಷ್ಟು. ದನಿಯ ಫೇಡರನ್ನು ಪೂರ್ತಿ ಕೆಳಗೆ ಎಳೆಯಿರಿ. ಆಮೇಲೆ ನಿಧಾನ ಮೇಲೆ ತನ್ನಿ. ಮೊದಲು ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಆಮೇಲೆ ಒಂದೊಂದು ಪದ, ಆಮೇಲೆ ಇಡೀ ಸಾಲು. ಇಡೀ ಸಾಲು ಕಷ್ಟವಿಲ್ಲದೆ ತಿಳಿದ ಜಾಗದಲ್ಲಿ ನಿಲ್ಲಿಸಿ. ಆ ಜಾಗದಲ್ಲಿ ಸ್ನೇರ್ (ಬೀಟಿನಲ್ಲಿ ಟಪ್ ಅನ್ನುವ ಡ್ರಮ್ಮು) ಕೂಡ ಕೇಳಿಸುತ್ತಿದೆಯಾ ನೋಡಿ. ರ‍್ಯಾಪ್‌ನಲ್ಲಿ ದನಿ ಮತ್ತು ಸ್ನೇರ್ ಹೆಚ್ಚುಕಮ್ಮಿ ಅಕ್ಕಪಕ್ಕದ ಮನೆಯವರ ಹಾಗೆ ಇರಬೇಕು. ಸಣ್ಣ ವಾಲ್ಯೂಮಿನಲ್ಲಿ ಸ್ನೇರ್ ಮಾಯವಾದರೆ ದನಿ ಜಾಸ್ತಿಯಾಗಿದೆ. ಸ್ನೇರ್ ಮಾತ್ರ ಟಪ್ ಟಪ್ ಅಂತ ಕೇಳಿ ಮಾತು ಹಿಂದೆ ಸರಿದರೆ ಕಡಿಮೆಯಾಗಿದೆ. ಇಲ್ಲಿಂದ ಮುಂದೆ 1 ಡಿಬಿ, ಅರ್ಧ ಡಿಬಿ ಲೆಕ್ಕದಲ್ಲಿ ಮಾತ್ರ ಸರಿಸಿ.

ಸಣ್ಣ ವಾಲ್ಯೂಮ್ ಯಾಕೆ ಅಂದರೆ ನಮ್ಮ ಕಿವಿ ಎಲ್ಲ ಸ್ವರವನ್ನೂ ಒಂದೇ ಸಮ ಕೇಳುವುದಿಲ್ಲ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನುವವರು ಇದನ್ನು ಅಳೆದು ಗ್ರಾಫ್ ಬರೆದರು, ಸೌಂಡಿನ ಕೆಲಸ ಕಲಿಯುವವರಿಗೆ ಇವತ್ತಿಗೂ ಇದನ್ನು ಮೊದಮೊದಲೇ ಹೇಳಿಕೊಡುತ್ತಾರೆ. ಸೌಂಡ್ ಸಣ್ಣದಿದ್ದಾಗ ಕಿವಿ ಬೇಸನ್ನು ತುಂಬ ಕಡಿಮೆ ಹಿಡಿಯುತ್ತದೆ, ತೀರಾ ಮೇಲಿನ ಚುರುಕನ್ನೂ ಕಡಿಮೆ ಹಿಡಿಯುತ್ತದೆ. ಸ್ವರದ ಎತ್ತರವನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ, 2 ಸಾವಿರದಿಂದ 5 ಸಾವಿರ ಹರ್ಟ್ಜ್‌ನ ನಡುಭಾಗ ಮಾತ್ರ ಚೆನ್ನಾಗಿ ಉಳಿಯುತ್ತದೆ. ಮಾತಿನ ಸ್ಪಷ್ಟತೆ ಇರುವುದು ಅಲ್ಲಿಯೇ. ಜೋರಾಗಿ ಇಟ್ಟರೆ ಬೇಸು ಎದೆಗೆ ಬಡಿಯುತ್ತದೆ, ಎಲ್ಲವೂ ಚೆಂದ ಅನ್ನಿಸುತ್ತದೆ, ದನಿ 3 ಡಿಬಿ ತಪ್ಪಾಗಿದ್ದರೂ ಗೊತ್ತಾಗುವುದಿಲ್ಲ. ಸಣ್ಣಗೆ ಇಟ್ಟಾಗ ಅದು ಬಯಲಾಗುತ್ತದೆ.

ಇಷ್ಟು ಮಾಡಿದರೂ ಒಂದು ತೊಂದರೆ ಉಳಿಯುತ್ತದೆ, ಬೀಟಿಗೆ ಕಿವಿ ಇಲ್ಲ. ಇದನ್ನು ನಾನು ಕಲಿತದ್ದು ಯಕ್ಷಗಾನದ ಆಟದಲ್ಲಿ. ಶಿರಸಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ, ಅದಕ್ಕೂ ಮುಂಚೆ ಹೊನ್ನಾವರ, ಕುಮಟಾ ಕಡೆ ಆಟಗಳಿಗೆ ಮೈಕ್ ಸೆಟ್ಟಿನವರ ಜೊತೆ ಹೋಗಿ ಮಿಕ್ಸರ್ ಹಿಂದೆ ಕೂರುತ್ತಿದ್ದೆ. ಭಾಗವತರ ಪದ್ಯ, ಪಕ್ಕದಲ್ಲಿ ಮದ್ದಳೆ, ಆಚೆ ಚಂಡೆ. ಯುದ್ಧದ ಪದ್ಯಕ್ಕೆ ಚಂಡೆ ಏರಿದಾಗ ನಾನು ಗಾಬರಿಯಾಗಿ ಭಾಗವತರ ಮೈಕ್ ಏರಿಸುತ್ತಿದ್ದೆ. ಆ ಮೈಕಿಗೆ ಪಕ್ಕದ ಚಂಡೆಯೂ ಬೀಳುತ್ತಿತ್ತು, ಹಾಗಾಗಿ ಎರಡೂ ಏರುತ್ತಿದ್ದವು, ಜೊತೆಗೆ ಕುಂಯ್ ಅಂತ ಫೀಡ್‌ಬ್ಯಾಕು. ಕೆಲವು ಆಟ ಕಳೆದ ಮೇಲೆ ಸುಮ್ನೆ ಕೈಕಟ್ಟಿ ಕೇಳುತ್ತ ಕೂತೆ. ನುರಿತ ಚಂಡೆಯವರು ಪದ್ಯದ ಮಾತು ಬರುವಾಗ ಕೈ ಹಗುರ ಮಾಡುತ್ತಾರೆ, ಸಾಲು ಮುಗಿದ ಜಾಗದಲ್ಲಿ ತುಂಬಿ ಬಾರಿಸುತ್ತಾರೆ. ಭಾಗವತರ ಮಾತು ಒಂದೂ ಹೋಗುವುದಿಲ್ಲ, ಚಂಡೆಯ ಅಬ್ಬರವೂ ಕಡಿಮೆ ಅನ್ನಿಸುವುದಿಲ್ಲ. ಬ್ಯಾಲೆನ್ಸ್ ರಂಗದ ಮೇಲೆಯೇ ಆಗಿರುತ್ತದೆ, ಮಿಕ್ಸರಿನವನು ಅದನ್ನು ಕೆಡಿಸದಿದ್ದರೆ ಸಾಕು.

ನಿಮ್ಮ ಬೀಟಿಗೆ ಆ ವಿವೇಕ ಇಲ್ಲ. ನೀವು ಹಾಡುತ್ತಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ಚಂಡೆಯವರು ಕೈಯಲ್ಲಿ ಮಾಡುವುದನ್ನು ನೀವು ಆಟೊಮೇಷನ್‌ನಲ್ಲಿ ಮಾಡಬೇಕು. ಬೀಟಿನ ಟ್ರ್ಯಾಕಿನಲ್ಲಿ ವಾಲ್ಯೂಮ್ ಗೆರೆ ತೆರೆದು, ನೀವು ಹಾಡುವ ಕಡೆ ಒಂದರಿಂದ ಒಂದೂವರೆ ಡಿಬಿ ಇಳಿಸಿ, ನೀವು ಬಿಟ್ಟ ಕಡೆ, ಉಸಿರು ತೆಗೆದುಕೊಳ್ಳುವ ಆ ಅರ್ಧ ತಾಳದಲ್ಲಿ, ವಾಪಸ್ ಏರಿಸಿ. ಕೇಳುವವರಿಗೆ ಬೀಟ್ ಇಳಿಯಿತು ಅಂತ ಗೊತ್ತಾಗಬಾರದು, ಗೊತ್ತಾದರೆ ಜಾಸ್ತಿ ಇಳಿಸಿದ್ದೀರಿ ಅಂತ ಅರ್ಥ. ಸೈಡ್‌ಚೈನ್ ಕಂಪ್ರೆಸರ್, ಅಂದರೆ ಒಂದು ಸದ್ದು ಬಂದಾಗ ಇನ್ನೊಂದನ್ನು ಒತ್ತುವ ಸಾಧನ, ಇದನ್ನೇ ತಾನಾಗಿ ಮಾಡುತ್ತದೆ, ಬೀಟ್ ಮೇಲೆ ಅದನ್ನು ಹಾಕಿ ದನಿಯನ್ನು ಅದರ ಕೀ (ಸುಳಿವು) ಆಗಿ ಕೊಟ್ಟರೆ ಆಯಿತು. ನನಗೆ ಕೈಯಲ್ಲಿ ಮಾಡಿದ್ದೇ ಇಷ್ಟ, ಯಾವ ಸಾಲಿಗೆ ಎಷ್ಟು ಬೇಕು ಅಂತ ಅಂಥ ಪ್ಲಗಿನ್‌ಗೆ (ಸಾಫ್ಟ್‌ವೇರಿಗೆ ಸೇರಿಸುವ ಉಪಕರಣಕ್ಕೆ) ತಿಳಿಯುವುದಿಲ್ಲ.

ಇನ್ನು ದನಿಯ ಏರುಪೇರು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಯೂಟ್ಯೂಬಿನಲ್ಲಿ ನೀವು ನೋಡುವ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಹಾಡನ್ನು ಇಟ್ಟುಕೊಂಡು ಮಾಡಿದವು, ನಮ್ಮ ಭಾಷೆಯ ಕಷ್ಟ ಅವುಗಳಲ್ಲಿ ಬರುವುದೇ ಇಲ್ಲ.

ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಉಸಿರು ಮುಗಿಯುವುದೂ ಸಾಲಿನ ಕೊನೆಗೇ. ಎರಡೂ ಒಂದೇ ಜಾಗದಲ್ಲಿ ಬೀಳುತ್ತವೆ. ನೀವು ಜೋರಾಗಿ ಶುರುಮಾಡುತ್ತೀರಿ, ಕೊನೆಯ ಎರಡು ಅಕ್ಷರ ಬರುವಾಗ ಎದೆ ಖಾಲಿ, ದನಿ 5-6 ಡಿಬಿ ಕುಸಿದಿರುತ್ತದೆ. ಇನ್ನೂ ಮುಖ್ಯ ಅಂದರೆ ನಮ್ಮ ‘ಇಲ್ಲ’ ಕೂಡ ಕೊನೆಗೇ ಇದೆ. ‘ನಾ ಯಾರ ಮುಂದೂ ಬಗ್ಗೋದಿಲ್ಲ’ ಅಂತ ಬರೆದಿದ್ದೀರಿ ಅಂದುಕೊಳ್ಳಿ, ‘ಇಲ್ಲ’ ಹೋದರೆ ಕೇಳುವವರಿಗೆ ಬಗ್ಗುವುದು ಮಾತ್ರ ಕೇಳುತ್ತದೆ. ಇಂಗ್ಲಿಷಿನಲ್ಲಿ ‘ನಾಟ್’ ಸಾಮಾನ್ಯವಾಗಿ ಕ್ರಿಯಾಪದದ ಮುಂಚೆಯೇ ಬಂದುಬಿಡುತ್ತದೆ, ಸಾಲಿನ ಬಾಲ ಕುಸಿದರೂ ಅರ್ಥ ಉಳಿಯುತ್ತದೆ. ನಮಗೆ ಆ ಸವಲತ್ತು ಇಲ್ಲ. ಕಾರಿನಲ್ಲಿ ‘ಒಂದು ಮಾತೂ ತಿಳಿಯುವುದಿಲ್ಲ’ ಅಂತ ನಿಮಗೆ ಅನ್ನಿಸಿದ್ದಕ್ಕೆ ದೊಡ್ಡ ಕಾರಣ ಇದೇ ಇರಬೇಕು. ಸಾಲಿನ ತಲೆ ಕೇಳಿಸುತ್ತಿರುತ್ತದೆ, ಬಾಲ ಬೇಸಿನೊಳಗೆ ಮುಳುಗಿರುತ್ತದೆ, ಬಾಲ ಇಲ್ಲದೆ ತಲೆಗೆ ಅರ್ಥ ಬರುವುದಿಲ್ಲ.

ಹಾಗಾಗಿ ಕಂಪ್ರೆಸರ್ ಹಾಕುವ ಮೊದಲು ಕೈಯಲ್ಲಿ ಸಮ ಮಾಡಿ. ಪ್ರತಿ ಸಾಲನ್ನೂ ಕತ್ತರಿಸಿ, ಸಾಲಿನ ಕೊನೆಯ ಪದವನ್ನು ಬೇರೆ ತುಂಡು ಮಾಡಿ, ಆ ತುಂಡಿನ ಗೇನ್ 2 ಅಥವಾ 3 ಡಿಬಿ ಏರಿಸಿ. ಕ್ಲಿಪ್ ಗೇನ್ ಅಂತ ಕರೆಯುತ್ತಾರೆ, ಎಲ್ಲ ಸಾಫ್ಟ್‌ವೇರಿನಲ್ಲೂ ಯಾವುದೋ ಒಂದು ಹೆಸರಿನಲ್ಲಿ ಇರುತ್ತದೆ. ಕತ್ತರಿಸಿದ ಕಡೆ ಒಂದು ತುಂಡು ಇಳಿಯುತ್ತ ಇನ್ನೊಂದು ಏರುವ ಸಣ್ಣ ಕ್ರಾಸ್‌ಫೇಡ್ ಹಾಕಿ, ಇಲ್ಲದಿದ್ದರೆ ಟಿಕ್ ಅನ್ನುತ್ತದೆ. ಮೂರು ನಿಮಿಷದ ಹಾಡಿಗೆ ಒಂದು ತಾಸು ಹಿಡಿಯುತ್ತದೆ. ಬೇಜಾರಿನ ಕೆಲಸ ಹೌದು, ಆದರೆ ಇಡೀ ಮಿಕ್ಸಿನಲ್ಲಿ ಇದಕ್ಕಿಂತ ಬೆಲೆಬಾಳುವ ಒಂದು ತಾಸು ಇಲ್ಲ. ಅಲೆಯ ಚಿತ್ರ ನೋಡಿ ಮಾಡಬೇಡಿ, ಕೇಳಿ ಮಾಡಿ. ಆ, ಓ ಚಿತ್ರದಲ್ಲಿ ದಪ್ಪ ಕಾಣುತ್ತವೆ, ಸ, ಶ ತೆಳ್ಳಗೆ ಕಾಣುತ್ತವೆ, ಆದರೆ ಕಿವಿಗೆ ಚುಚ್ಚುವುದು ಆ ತೆಳ್ಳಗಿನವೇ.

ಒತ್ತಕ್ಷರದ ವಿಷಯಕ್ಕೂ ಗಮನ ಕೊಡಿ. ಅಕ್ಕ, ಕತ್ತು, ಹಟ್ಟಿ ಅನ್ನುವಾಗ ನಡುವೆ ಒಂದು ಚಿಕ್ಕ ಮೌನ ಇರುತ್ತದೆ, ಆಮೇಲೆ ಅಕ್ಷರ ಸಿಡಿಯುತ್ತದೆ. ಗದ್ದಲ ತೆಗೆಯಲು ನಾಯ್ಸ್ ಗೇಟ್ (ಸದ್ದು ಸಣ್ಣಗಾದಾಗ ಮುಚ್ಚಿಕೊಳ್ಳುವ ಸಾಧನ) ಹಾಕಿ ಅದನ್ನು ಬಿಗಿ ಮಾಡಿದರೆ, ಆ ಮೌನದಲ್ಲಿ ಗೇಟ್ ಮುಚ್ಚಿಕೊಂಡು ಮುಂದಿನ ಸಿಡಿತದ ಮೂತಿಯನ್ನೇ ಕಚ್ಚಿಬಿಡುತ್ತದೆ. ಕನ್ನಡ ದನಿಯ ಮೇಲೆ ನಾನು ಗೇಟ್ ಹಾಕುವುದೇ ಇಲ್ಲ, ಸಾಲುಗಳ ನಡುವಿನ ಖಾಲಿ ಜಾಗವನ್ನು ಕೈಯಲ್ಲೇ ಕತ್ತರಿಸುತ್ತೇನೆ.

ಆಮೇಲೆ ಕಂಪ್ರೆಸರ್. ದನಿ ಒಂದು ಗೆರೆ ದಾಟಿದಾಗ ಅದನ್ನು ಮೆಲ್ಲಗೆ ಒತ್ತುವ ಕೈ ಅಂತ ತಿಳಿಯಿರಿ. ರೇಷಿಯೊ 3:1 ಇಟ್ಟರೆ ಗೆರೆ ದಾಟಿ 6 ಡಿಬಿ ಮೇಲೆ ಹೋದದ್ದು 2 ಡಿಬಿ ಮಾತ್ರ ಮೇಲಿರುತ್ತದೆ. ಎಷ್ಟು ಒತ್ತುತ್ತಿದೆ ಅಂತ ತೋರಿಸುವ ಮುಳ್ಳು 3ರಿಂದ 5 ಡಿಬಿ ಒಳಗೆ ಆಡಲಿ. ಅಟ್ಯಾಕ್ (ಒತ್ತಲು ಹಿಡಿಯುವ ಹೊತ್ತು) 10 ಮಿಲಿಸೆಕೆಂಡಿನ ಹತ್ತಿರದಿಂದ ಶುರುಮಾಡಿ. ತೀರಾ ಚುರುಕು ಮಾಡಿದರೆ ಕ, ಟ, ಪ ಮೊಂಡಾಗುತ್ತವೆ, ರ‍್ಯಾಪಿನ ಹೊಡೆತ ಇರುವುದು ಆ ಅಕ್ಷರಗಳಲ್ಲೇ ಅಲ್ವಾ. ರಿಲೀಸ್ (ಕೈ ಬಿಡಲು ಹಿಡಿಯುವ ಹೊತ್ತು) 60ರಿಂದ 100 ಮಿಲಿಸೆಕೆಂಡು. ಇನ್ನೂ ಹಿಡಿತ ಬೇಕು ಅಂದರೆ ಒಂದೇ ಕಂಪ್ರೆಸರನ್ನು ಹಿಂಡಬೇಡಿ, ಎರಡನೆಯದನ್ನು ಅದರ ಹಿಂದೆ ಹಾಕಿ, ಎರಡೂ ಸ್ವಲ್ಪ ಸ್ವಲ್ಪ ಒತ್ತಲಿ. ಮೇಕಪ್ ಗೇನ್, ಅಂದರೆ ಒತ್ತಿದ ಮೇಲೆ ದನಿಯನ್ನು ಮತ್ತೆ ಎತ್ತುವುದು, ಅದರ ಬಗ್ಗೆ ಎಚ್ಚರ ಇರಲಿ. ಜೋರಾದದ್ದೆಲ್ಲ ಕಿವಿಗೆ ಚೆಂದ ಅನ್ನಿಸುತ್ತದೆ. ಕಂಪ್ರೆಸರ್ ಆನ್ ಮತ್ತು ಆಫ್ ಎರಡರಲ್ಲೂ ದನಿ ಒಂದೇ ಮಟ್ಟದಲ್ಲಿ ಇರುವಂತೆ ಮಾಡಿಕೊಂಡು, ಆಮೇಲೆ ಯಾವುದು ಒಳ್ಳೆಯದು ಅಂತ ತೀರ್ಮಾನ ಮಾಡಿ.

ಕಂಪ್ರೆಸರ್ ಇನ್ನೊಂದನ್ನೂ ಏರಿಸುತ್ತದೆ, ನಮ್ಮ ಮಳೆಯನ್ನು. ದನಿಯನ್ನು 6 ಡಿಬಿ ಒತ್ತಿ ಮತ್ತೆ 6 ಡಿಬಿ ಎತ್ತಿದಿರಿ ಅಂದರೆ, ಸಾಲುಗಳ ನಡುವೆ ಇದ್ದ ಸದ್ದೆಲ್ಲ 6 ಡಿಬಿ ಮೇಲೆ ಬರುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಜಿಲ್ಲೆಯಲ್ಲಿ ಹಂಚಿನ ಮಾಡಿನ ಕೆಳಗೆ, ತಗಡಿನ ಶೀಟಿನ ಕೆಳಗೆ ರೆಕಾರ್ಡ್ ಮಾಡುವವರಿಗೆಲ್ಲ ಇದು ಗೊತ್ತು. ಮಳೆ ಬಿಟ್ಟ ಹೊತ್ತಿನಲ್ಲೇ ಹಾಡಿ, ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ನಿಲ್ಲಿ. ಮೈಕಿನಿಂದ ಬಾಯಿಗೆ ಒಂದು ಗೇಣು ದೂರ ಇರಲಿ, ನಡುವೆ ಪ, ಬ ಅನ್ನುವಾಗಿನ ಗಾಳಿ ತಡೆಯುವ ಪಾಪ್ ಫಿಲ್ಟರ್. ಹಾಡುವಾಗ ತಲೆ ಆಡಿಸುವ ಅಭ್ಯಾಸ ನಿಮಗೂ ಇರಬಹುದು. ದೂರ ಅರ್ಧವಾದರೆ ಮೈಕಿಗೆ ಬೀಳುವ ದನಿ ಸುಮಾರು 6 ಡಿಬಿ ಏರುತ್ತದೆ, ಬೇಸೂ ಉಬ್ಬುತ್ತದೆ. ನೀವು ಮಿಕ್ಸಿನಲ್ಲಿ ಹುಡುಕುವ ಏರುಪೇರಿನ ಒಂದು ಪಾಲು ನಿಮ್ಮ ಕುತ್ತಿಗೆಯಿಂದಲೇ ಬಂದಿರುತ್ತದೆ.

ಈಗ ಫೋನು ಮತ್ತು ಕಾರು. ಎರಡೂ ಬೇರೆ ಬೇರೆ ತೊಂದರೆಯಂತೆ ಕಂಡರೂ ಎರಡಕ್ಕೂ ಬೇಸೇ ಕಾರಣ. ಫೋನಿನ ಚಿಕ್ಕ ಸ್ಪೀಕರಿನಲ್ಲಿ 200 ಹರ್ಟ್ಜ್‌ಗಿಂತ ಕೆಳಗಿನದು ಹೆಚ್ಚೇನೂ ಬರುವುದಿಲ್ಲ. ನಿಮ್ಮ ಬೀಟಿನಲ್ಲಿ 808 ಅಂತ ಕರೆಯುವ ಆಳದ ಬೇಸು 40-60 ಹರ್ಟ್ಜ್‌ನಲ್ಲಿ ಇರುತ್ತದೆ, ಹಾಗಾಗಿ ಫೋನಿನಲ್ಲಿ ಅದು ಪೂರ್ತಿ ಮಾಯ. ಬೀಟಿನ ಮುಖ್ಯ ಭಾಗವೇ ಹೋದ ಮೇಲೆ ದನಿ ಒಂದೇ ಉಳಿಯುತ್ತದೆ. ಕಾರಿನಲ್ಲಿ ಉಲ್ಟಾ. ಮುಚ್ಚಿದ ಡಬ್ಬಿಯಂಥ ಜಾಗದಲ್ಲಿ ಬೇಸು ಊದಿಕೊಳ್ಳುತ್ತದೆ, ಮೇಲೆ ಹೆದ್ದಾರಿ 66ರ ಟೈರಿನ ಸದ್ದು ಬೇರೆ. ಜೋರಾದ ಕೆಳಸ್ವರಕ್ಕೆ ತನಗಿಂತ ಮೇಲಿನ ಸ್ವರವನ್ನು ಮುಚ್ಚುವ ಗುಣ ಇದೆ, ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚಲಾರದು. ಅದಕ್ಕೇ ಅಣ್ಣನ ಕಾರಿನಲ್ಲಿ ಬೇಸು ನಿಮ್ಮ ಮಾತನ್ನು ನುಂಗಿತು.

ಬೀಟಿನ ಮೇಲೆ ಇಕ್ಯೂ (ಬೇಸು, ನಡು, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಹಾಕಿ, 100 ಹರ್ಟ್ಜ್‌ಗಿಂತ ಕೆಳಗೆ ಒಂದೂವರೆ ಎರಡು ಡಿಬಿ ಶೆಲ್ಫ್‌ನಲ್ಲಿ, ಅಂದರೆ ಆ ಕೆಳಭಾಗವನ್ನೆಲ್ಲ ಒಟ್ಟಿಗೆ, ಇಳಿಸಿ. ಇದು ಕಾರಿಗೆ. ಆಮೇಲೆ ಬೇಸಿಗೆ ಸ್ವಲ್ಪ ಸ್ಯಾಚುರೇಷನ್, ಅಂದರೆ ಹದವಾದ ಒಡಕು, ಕೊಡಿ. ಆಗ 50 ಹರ್ಟ್ಜ್‌ನ ಸ್ವರಕ್ಕೆ 100, 150, 200, 250 ಅಂತ ಮೇಲಿನ ಮರಿಗಳು ಹುಟ್ಟುತ್ತವೆ. ಫೋನಿನಲ್ಲಿ ಆ ಮೇಲಿನ ಮರಿಗಳು ಕೇಳಿಸುತ್ತವೆ, ತಾಯಿ ಸ್ವರ ಇಲ್ಲದಿದ್ದರೂ ಮಿದುಳು ಅದನ್ನು ಊಹಿಸಿಕೊಂಡು ಬೇಸು ಇದೆ ಅಂತ ನಂಬುತ್ತದೆ. ಸ್ಟೆಮ್ಸ್ ಇದ್ದರೆ ಬೇಸಿನ ಟ್ರ್ಯಾಕಿಗೆ ಮಾತ್ರ ಹಾಕಬಹುದು. ಇಲ್ಲದಿದ್ದರೆ ಬೀಟಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ 150ರಿಂದ ಮೇಲಿನದನ್ನು ತೆಗೆದು, ಉಳಿದದ್ದಕ್ಕೆ ಸ್ಯಾಚುರೇಷನ್ ಕೊಟ್ಟು, ಮೂಲ ಬೀಟಿನ ಕೆಳಗೆ ಸಣ್ಣಗೆ ಬೆರೆಸಿ.

ದನಿ ಕಿರುಚುವುದಕ್ಕೆ ಇನ್ನೊಂದು ಕಾರಣ, ಸ್ಪಷ್ಟ ಆಗಲಿ ಅಂತ ನೀವು ದನಿಯ 3-4 ಸಾವಿರ ಹರ್ಟ್ಜ್‌ ಅನ್ನು ಎತ್ತಿರಬಹುದು. ಎಲ್ಲರೂ ಎತ್ತುತ್ತಾರೆ. ಅದನ್ನು ವಾಪಸ್ ಸೊನ್ನೆಗೆ ತನ್ನಿ. ಬದಲಿಗೆ ಬೀಟಿನಲ್ಲಿ 2ರಿಂದ 4 ಸಾವಿರದ ನಡುವೆ ಅಗಲವಾಗಿ 2 ಡಿಬಿ ತಗ್ಗಿಸಿ. ಅಲ್ಲಿ ಗಿಟಾರೋ ಪಿಯಾನೋ ಗಂಟೆಯೋ ಕೂತು ನಿಮ್ಮ ವ್ಯಂಜನಗಳ ಜೊತೆ ಜಗಳ ಮಾಡುತ್ತಿರುತ್ತದೆ. ದನಿಯಲ್ಲಿ 80-100 ಹರ್ಟ್ಜ್‌ಗಿಂತ ಕೆಳಗಿನದನ್ನು ಹೈಪಾಸ್‌ನಲ್ಲಿ ತೆಗೆದುಬಿಡಿ, 250ರ ಸುತ್ತ ಗುಯ್ ಅನ್ನುತ್ತಿದ್ದರೆ ಅಲ್ಲೂ ಸ್ವಲ್ಪ. ಸ, ಶ ಚುಚ್ಚಿದರೆ 5ರಿಂದ 8 ಸಾವಿರದ ನಡುವೆ ಅದನ್ನು ತಗ್ಗಿಸುವ ಡಿ-ಎಸ್ಸರ್ ಹಾಕಿ.

ರಿವರ್ಬ್, ಅಂದರೆ ಕೋಣೆಯ ಗುಂಗಿನ ಪರಿಣಾಮ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ದನಿಯನ್ನು ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ದನಿ ಮುಳುಗುತ್ತಿರುವಾಗ ಮೊದಲು ಕಡಿಮೆ ಮಾಡಬೇಕಾದದ್ದು ಅದನ್ನೇ. ಬೇಕೇ ಬೇಕು ಅಂದರೆ ಪ್ರೀ-ಡಿಲೇ 30 ಮಿಲಿಸೆಕೆಂಡ್ ಇಡಿ, ಅಕ್ಷರ ಮೊದಲು ಬರಲಿ, ಕೋಣೆ ಆಮೇಲೆ ಬರಲಿ. ಡಿಲೇ (ಮರುದನಿ) ಹಾಕುವುದಾದರೆ 60,000ವನ್ನು ಬೀಟಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ತಾಳ ಅನ್ನುವ ಅಂಕೆಯಿಂದ) ಭಾಗಿಸಿ. 90 ಬಿಪಿಎಂಗೆ 667 ಮಿಲಿಸೆಕೆಂಡು, ಅದರ ಅರ್ಧ 333. ಹಾಗೆ ಇಟ್ಟರೆ ಮರುದನಿ ತಾಳದ ಮೇಲೆ ಬೀಳುತ್ತದೆ, ಮಾತನ್ನು ಕೆಡಿಸುವುದಿಲ್ಲ. ಎರಡನೇ ದನಿ ಹಾಡಿ ಸೇರಿಸಿದ್ದರೆ ಅದು ಮುಖ್ಯ ದನಿಗಿಂತ 6ರಿಂದ 10 ಡಿಬಿ ಕೆಳಗೆ, ಎಡ ಬಲಕ್ಕೆ ಸರಿದು ಇರಲಿ.

ಒಂದು ರಾತ್ರಿ ಎರಡು ಗಂಟೆ ತನಕ ಕೂತು ಒಬ್ಬ ಹುಡುಗನ ಹಾಡು ಮಿಕ್ಸ್ ಮಾಡಿ ಮುಗಿಸಿದ್ದೆ. ನನಗೆ ಪ್ರತಿ ಮಾತೂ ಕನ್ನಡಿಯ ಹಾಗೆ ಕೇಳುತ್ತಿತ್ತು. ಬೆಳಿಗ್ಗೆ ಅವನ ತಾಯಿ ಕೇಳಿ, ‘ಇದರಲ್ಲಿ ನಮ್ಮ ಹುಡುಗ ಏನು ಹೇಳ್ತಾ ಇದ್ದಾನೆ’ ಅಂತ ಕೇಳಿದರು. ನಾನು ಆ ಹಾಡನ್ನು ನೂರು ಸಲ ಕೇಳಿದ್ದೆ, ಸಾಹಿತ್ಯ ಬಾಯಿಪಾಠ ಆಗಿತ್ತು, ಕೇಳಿಸದ ಅಕ್ಷರವನ್ನು ನನ್ನ ಮಿದುಳೇ ತುಂಬಿಕೊಳ್ಳುತ್ತಿತ್ತು. ನಿಮ್ಮ ಹಾಡು ಬರೆದವರು ನೀವೇ, ಹಾಗಾಗಿ ನಿಮ್ಮ ಕಿವಿಯನ್ನು ಈ ಒಂದು ವಿಷಯದಲ್ಲಿ ನಂಬಲೇಬೇಡಿ. ಸಾಹಿತ್ಯ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಮನೆಯಲ್ಲಿ ಕೊಂಕಣಿ ಆಡುವ ಕಾರವಾರದ ಗೆಳೆಯರು ಇದ್ದರೆ ಇನ್ನೂ ಒಳ್ಳೆಯದು. ಕನ್ನಡ ಅವರಿಗೆ ಚೆನ್ನಾಗಿ ಬರುತ್ತದೆ, ಆದರೆ ಬಿಟ್ಟ ಅಕ್ಷರವನ್ನು ಮನೆಮಾತಿನವರಷ್ಟು ಬೇಗ ಊಹಿಸಿಕೊಳ್ಳುವುದಿಲ್ಲ, ಕೇಳಿಸಿದ್ದನ್ನೇ ಬರೆಯುತ್ತಾರೆ. ಯಾವ ಪದ ತಪ್ಪಾಯಿತೋ ಆ ಪದಕ್ಕೆ ಹೋಗಿ 1 ಡಿಬಿ ಕೊಡಿ.

ಕಡಲು ಹತ್ತಿರ ಇದೆಯಲ್ಲ, ಅದನ್ನೂ ಬಳಸಿಕೊಳ್ಳಿ. ಪಿಂಕ್ ನಾಯ್ಸ್ ಅಂತ ಒಂದು ಸದ್ದು ಇದೆ, ಎಲ್ಲ ಸಪ್ತಕದಲ್ಲೂ ಒಂದೇ ಸಮ ಶಕ್ತಿ ಇರುವ ಶೋ ಅನ್ನುವ ಸದ್ದು. ಅದನ್ನು ಓಡಿಸಿಕೊಂಡು, ಪ್ರತಿ ಟ್ರ್ಯಾಕೂ ಅದರ ಮೇಲೆ ಆಗಷ್ಟೇ ಕೇಳಿಸುವಂತೆ ಇಟ್ಟು ಬ್ಯಾಲೆನ್ಸ್ ಹುಡುಕುವ ಪದ್ಧತಿ ಇದೆ. ಅಲೆಯ ಮೊರೆತ ಸ್ವಲ್ಪ ಅದರಂತೆಯೇ. ಕಾರವಾರಕ್ಕೆ ಹೋದಾಗ ಟ್ಯಾಗೋರ್ ಬೀಚಿನಲ್ಲಿ ಕೂತು ಇಯರ್‌ಫೋನಿನಲ್ಲಿ ಸಣ್ಣಗೆ ಕೇಳಿ. ಅಲೆ ಬಂದು ಒಡೆಯುವಾಗಲೂ ಸಾಲಿನ ಕೊನೆಯ ಪದ ಉಳಿಯುತ್ತದಾ ಅಂತ ಅದನ್ನು ಮಾತ್ರ ನೋಡಿ. ಬೇಸು ಸರಿಯಿದೆಯಾ ಅಂತ ಅಲ್ಲಿ ತೀರ್ಮಾನ ಮಾಡಬೇಡಿ, ಅಲೆಯ ಸದ್ದು ಅದನ್ನು ಮುಚ್ಚುತ್ತದೆ. ಮೋನೊದಲ್ಲೂ ಒಮ್ಮೆ ಕೇಳಿ, ಎಡ ಬಲ ಸೇರಿದಾಗ ಬೀಟಿನ ಅಗಲವಾದ ಟ್ಯೂನುಗಳು ಕುಗ್ಗಿ ದನಿ ಎಷ್ಟು ಮುಂದೆ ಬರುತ್ತದೆ ಅಂತ ಗೊತ್ತಾಗುತ್ತದೆ.

ಕೊನೆಗೆ ಜೋರು ಮಾಡುವ ವಿಷಯ. ಸ್ಪಾಟಿಫೈ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಸಮ ಮಾಡುತ್ತದೆ, ಯೂಟ್ಯೂಬ್ ಕೂಡ ಅದರ ಹತ್ತಿರ. ಎಲ್‌ಯುಎಫ್‌ಎಸ್ ಅಂದರೆ ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವ ಅಳತೆ. ನೀವು ಮೈನಸ್ 7 ತನಕ ಒತ್ತಿ ಕಳಿಸಿದರೂ ಅವರು ಇಳಿಸುತ್ತಾರೆ, ಒತ್ತಿ ಕೆಟ್ಟ ಸದ್ದು ಮಾತ್ರ ಹಾಗೇ ಉಳಿಯುತ್ತದೆ. ಮಾಸ್ಟರಿನಲ್ಲಿ ಒಂದು ಲಿಮಿಟರ್ ಹಾಕಿ, ತುದಿ ಮೈನಸ್ 1 ದಾಟದಂತೆ ಇಡಿ. ಲಿಮಿಟರ್ ಮೊದಲು ಹಿಡಿಯುವುದು ಡ್ರಮ್ಮಿನ ತುದಿಯನ್ನು. ಕಿಕ್ ಮತ್ತು ಸ್ನೇರ್ ಸ್ವಲ್ಪ ಕುಗ್ಗುತ್ತವೆ, ದನಿ ತಾನಾಗಿ ಅರ್ಧ, ಒಂದು ಡಿಬಿ ಮುಂದೆ ಬರುತ್ತದೆ. ಅದಕ್ಕೇ ಲಿಮಿಟರ್ ಹಾಕಿದ ಮೇಲೆ ಆ ಸಣ್ಣ ವಾಲ್ಯೂಮಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ದನಿ ಜಾಸ್ತಿ ಅನ್ನಿಸಿದರೆ ಅರ್ಧ ಡಿಬಿ ಇಳಿಸಿ.

ಈ ವಾರ ಒಂದೇ ಹಾಡು ತೆಗೆದುಕೊಳ್ಳಿ. ಹಾಕಿದ ಪ್ಲಗಿನ್ ಎಲ್ಲ ಆಫ್ ಮಾಡಿ, ಬೀಟನ್ನು 8 ಡಿಬಿ ಇಳಿಸಿ, ಸಾಲಿನ ಬಾಲಗಳನ್ನು ಕೈಯಲ್ಲಿ ಎತ್ತಿ, ಸಣ್ಣಗೆ ಕೇಳಿ ದನಿಯ ಜಾಗ ಗುರುತು ಮಾಡಿ. ಬೇರೆ ಏನನ್ನೂ ಮುಟ್ಟದೆ ಅಷ್ಟನ್ನೇ ಅಣ್ಣನ ಕಾರಿನಲ್ಲಿ ಹಾಕಿ ನೋಡಿ. ಆಗಲೂ ಮುಳುಗುವ ಸಾಲು ಯಾವುದು, ಅದರಲ್ಲಿ ಯಾವ ಪದ, ಆ ಜಾಗದಲ್ಲಿ ಬೀಟಿನಲ್ಲಿ ಏನು ಬಾರಿಸುತ್ತಿದೆ ಅಂತ ಬರೆದು ಕಳಿಸಿ, ಆ ಒಂದು ಸಾಲನ್ನೇ ಹಿಡಿದು ಮುಂದೆ ನೋಡೋಣ.